ಸಬ್‌ವೂಫರ್ ಕಾಣದೆಯೇ ಅದರ ಜಾಗ ಹೇಳಿಹೋದ ಲಾರ್ಡ್ ರೇಲಿ

ಮನೆಗೆ ಹೊಸದಾಗಿ ಸಬ್‌ವೂಫರ್ ತಂದವರು ಮೊದಲು ಮಾಡುವ ಕೆಲಸವೆಂದರೆ ಅದಕ್ಕೊಂದು ಖಾಲಿ ಮೂಲೆ ಹುಡುಕುವುದು. ಟಿ.ವಿ.ಯ ಪಕ್ಕದಲ್ಲೋ ಸೋಫಾದ ಹಿಂದೆಯೋ ಅದನ್ನಿಟ್ಟು, ತಂತಿ ಜೋಡಿಸಿ, ಹಾಡು ಹಚ್ಚಿದಾಗ ಹಲವರಿಗೆ ನಿರಾಸೆ ಕಾದಿರುತ್ತದೆ. ಕೆಲವು ಸ್ವರಗಳು ಕಿಟಕಿಯ ಗಾಜು ನಡುಗುವಂತೆ ಗುಡುಗುತ್ತವೆ. ಇನ್ನು ಕೆಲವು ಇಲ್ಲವೇ ಇಲ್ಲವೆಂಬಂತೆ ಮಾಯವಾಗುತ್ತವೆ. ಎದ್ದು ಬಾಗಿಲ ಬಳಿ ಹೋದರೆ, ಸೋಫಾದಲ್ಲಿ ಕೇಳಿಸದ ಸ್ವರ ಅಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ.

ಬಲ್ಲವರು ಇದಕ್ಕೆ ಒಂದು ವಿಚಿತ್ರ ಉಪಾಯ ಹೇಳುತ್ತಾರೆ. ಸಬ್‌ವೂಫರನ್ನು ಎತ್ತಿ, ಕೇಳುಗ ಕೂರುವ ಸೋಫಾದ ಮೇಲೆಯೇ ಇಡಬೇಕು. ಬಳಿಕ ಕೇಳುಗನು ನೆಲದ ಮೇಲೆ ಮಂಡಿಯೂರಿ, ಗೋಡೆಯ ಅಂಚಿನಲ್ಲಿ ತೆವಳುತ್ತ ಹೋಗಬೇಕು. ಎಲ್ಲಿ ಮಂದ್ರಸ್ವರಗಳೆಲ್ಲ ಏರುಪೇರಿಲ್ಲದೆ ಸಮನಾಗಿ ಕೇಳಿಸುತ್ತವೆಯೋ ಆ ಜಾಗವೇ ಸಬ್‌ವೂಫರಿನ ಜಾಗ. ಅದನ್ನು ಅಲ್ಲಿಗೆ ಸರಿಸಿ ಸೋಫಾದಲ್ಲಿ ಕುಳಿತರೆ, ತೆವಳುವಾಗ ಕೇಳಿಸಿದ್ದ ನಾದವೇ ಈಗ ಸೋಫಾಕ್ಕೆ ಬಂದಿರುತ್ತದೆ.

ನೋಡಿದವರಿಗೆ ನಗು ತರಿಸುವ ಈ ಕಸರತ್ತಿನ ಹಿಂದೆ ಗಟ್ಟಿಯಾದ ಗಣಿತವಿದೆ. ಅದನ್ನು 1873ರಲ್ಲಿ ಸಾಮಾನ್ಯ ಪ್ರಮೇಯವಾಗಿ ನಿರೂಪಿಸಿದವರು ಇಂಗ್ಲೆಂಡಿನ ಒಬ್ಬ ಜಮೀನ್ದಾರ. ಹೆಸರು ಜಾನ್ ವಿಲಿಯಂ ಸ್ಟ್ರಟ್. ಜಗತ್ತು ಅವರನ್ನು ಬಲ್ಲುದು ಮೂರನೆಯ ಬ್ಯಾರನ್ ರೇಲಿ, ಅಂದರೆ ಲಾರ್ಡ್ ರೇಲಿ ಎಂದು. ಇಂದಿನ ರೂಪದ ಧ್ವನಿವರ್ಧಕ ಹುಟ್ಟುವ ಮೊದಲೇ ಅವರು ತೀರಿಕೊಂಡಿದ್ದರು.

ದುರ್ಬಲ ಮಗು, ಪ್ರಬಲ ಗಣಿತ

1842ರ ನವೆಂಬರ್ 12ರಂದು ಎಸೆಕ್ಸ್ ಪ್ರಾಂತದ ಲ್ಯಾಂಗ್‌ಫರ್ಡ್ ಗ್ರೋವ್‌ನಲ್ಲಿ ಜನಿಸಿದ ಸ್ಟ್ರಟ್ ಅವರಿಗೆ ಬಾಲ್ಯದಿಂದಲೂ ಆರೋಗ್ಯ ಸರಿಯಿರಲಿಲ್ಲ. ಈಟನ್ ಮತ್ತು ಹ್ಯಾರೋ ಎಂಬ ಎರಡು ಪ್ರಖ್ಯಾತ ಶಾಲೆಗಳಿಗೆ ಸೇರಿದರೂ ಎರಡರಲ್ಲಿಯೂ ಹೆಚ್ಚು ಕಾಲ ನಿಲ್ಲಲಾಗಲಿಲ್ಲ. ಖಾಸಗಿ ಪಾಠದಿಂದಲೇ ಅವರ ಓದು ಸಾಗಿತು. 1861ರಲ್ಲಿ ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜು ಸೇರಿ, ಹೆಸರಾಂತ ಗಣಿತ ಗುರು ಎಡ್ವರ್ಡ್ ರೌತ್ ಅವರ ಬಳಿ ಅಭ್ಯಾಸ ಮಾಡಿದರು. 1865ರಲ್ಲಿ ಗಣಿತ ಪರೀಕ್ಷೆಯಲ್ಲಿ ಮೊದಲಿಗರಾಗಿ ಸೀನಿಯರ್ ರ‍್ಯಾಂಗ್ಲರ್ ಎನಿಸಿದರು.

ದೊಡ್ಡ ಭೂಮಿಯ ವಾರಸುದಾರನೊಬ್ಬ ಪದವಿ ಪಡೆದ ಮೇಲೆ ಹಳ್ಳಿಗೆ ಮರಳಿ ಗೇಣಿದಾರರ ಲೆಕ್ಕ ನೋಡಬೇಕು, ಬೇಟೆಯಾಡಬೇಕು, ಸಂಸತ್ತಿನಲ್ಲಿ ಕೂರಬೇಕು ಎಂಬುದು ಆ ಕಾಲದ ನಿರೀಕ್ಷೆಯಾಗಿತ್ತು. ವಿಜ್ಞಾನವನ್ನೇ ಜೀವನದ ಕಸುಬಾಗಿ ಹಿಡಿಯುವುದು ಆ ವರ್ಗಕ್ಕೆ ಒಪ್ಪುವ ಮಾತಾಗಿರಲಿಲ್ಲ. ಸ್ಟ್ರಟ್ ಹಿಡಿದದ್ದು ಮಾತ್ರ ಅದನ್ನೇ. ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಅವರು ಸ್ವರಗಳ ಕುರಿತು ಬರೆದ ಮಹಾಗ್ರಂಥ ಅವರನ್ನು ನಾದದ ಕಡೆಗೆ ಸೆಳೆಯಿತು.

ಅವರ ಮೊದಲ ದೊಡ್ಡ ಧ್ವನಿ ಪ್ರಬಂಧವು ಅನುರಣನವನ್ನು ಕುರಿತದ್ದು. ಖಾಲಿ ಸೀಸೆಯ ಬಾಯಿಗೆ ಉಸಿರೂದಿದರೆ ಏಕೆ ಒಂದೇ ಸ್ವರ ಹೊರಡುತ್ತದೆ, ಸೀಸೆಯ ಕೊರಳು ಎಷ್ಟು ಉದ್ದವಿದ್ದರೆ ಸ್ವರ ಎಷ್ಟು ಕೆಳಗಿಳಿಯುತ್ತದೆ ಎಂಬ ಲೆಕ್ಕ ಅದರಲ್ಲಿತ್ತು. ಕೊರಳಿನ ಒಳಗಿನ ಗಾಳಿಯಷ್ಟೇ ಅಲ್ಲದೆ ಬಾಯಿಯ ಹೊರಗಿನ ಸ್ವಲ್ಪ ಗಾಳಿಯೂ ಜೊತೆಯಲ್ಲಿ ಅಲುಗುತ್ತದೆ. ಹಾಗಾಗಿ ಕೊರಳು ಇರುವುದಕ್ಕಿಂತ ತುಸು ಉದ್ದವೆಂದು ಲೆಕ್ಕ ಹಿಡಿಯಬೇಕು ಎಂದು ಅವರು ತೋರಿಸಿದರು. ಅನೇಕ ಸಬ್‌ವೂಫರ್ ಪೆಟ್ಟಿಗೆಗಳಲ್ಲಿ ಕಾಣುವ ದುಂಡನೆಯ ರಂಧ್ರ ಮತ್ತು ಅದರೊಳಗಿನ ಕೊಳವೆ ಇದೇ ಸೀಸೆಯ ಕೊರಳು. ಅದರ ಉದ್ದವನ್ನು ನಿಗದಿಪಡಿಸುವಾಗ ಇಂದಿಗೂ ಆ ತಿದ್ದುಪಡಿಯನ್ನು ಸೇರಿಸಲಾಗುತ್ತದೆ.

ನೈಲ್ ನದಿಯ ದೋಣಿಯಲ್ಲಿ

1871ರಲ್ಲಿ ಅವರು ಈವ್ಲಿನ್ ಬಾಲ್‌ಫರ್ ಅವರನ್ನು ವಿವಾಹವಾದರು. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಆರ್ಥರ್ ಬಾಲ್‌ಫರ್ ಈಕೆಯ ಸೋದರ. ಆಕಾಶವು ನೀಲಿಯಾಗಿ ಕಾಣುವುದೇಕೆ ಎಂಬುದನ್ನು ಬೆಳಕಿನ ಚದರುವಿಕೆಯಿಂದ ವಿವರಿಸಿದ ಅವರ ಪ್ರಸಿದ್ಧ ಪ್ರಬಂಧವೂ ಅದೇ ವರ್ಷದ್ದು. ಮರುವರ್ಷವೇ ಸಂಧಿವಾತದ ಜ್ವರ ಅವರನ್ನು ಕೆಡವಿತು. ಚಳಿಗಾಲವನ್ನು ಬೆಚ್ಚನೆಯ ದೇಶದಲ್ಲಿ ಕಳೆಯಲೆಂದು ದಂಪತಿ ಈಜಿಪ್ಟಿಗೆ ತೆರಳಿ, ನೈಲ್ ನದಿಯಲ್ಲಿ ದೋಣಿಮನೆಯೊಂದರಲ್ಲಿ ಪಯಣಿಸಿದರು. ನಾದಿನಿ ಎಲೀನರ್ ಕೂಡ ಜೊತೆಗಿದ್ದರು. ಗ್ರಂಥಾಲಯವಿಲ್ಲ, ಪ್ರಯೋಗಾಲಯವಿಲ್ಲ, ಚೇತರಿಸಿಕೊಳ್ಳುತ್ತಿದ್ದ ರೋಗಿ ಆ ದೋಣಿಯಲ್ಲಿಯೇ ಶಬ್ದ ಸಿದ್ಧಾಂತವನ್ನು ಕುರಿತ ಗ್ರಂಥವನ್ನು ಬರೆಯತೊಡಗಿದರು. ಅದರ ಮೊದಲ ಸಂಪುಟ 1877ರಲ್ಲಿಯೂ ಎರಡನೆಯದು 1878ರಲ್ಲಿಯೂ ಪ್ರಕಟವಾದವು. ಧ್ವನಿಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಅದನ್ನು ತೆರೆದು ನೋಡುವುದುಂಟು.

1873ರಲ್ಲಿ ತಂದೆ ತೀರಿಕೊಂಡರು. ಮೂವತ್ತೊಂದನೆಯ ವಯಸ್ಸು ತುಂಬುವ ಮೊದಲೇ ಅವರು ಲಾರ್ಡ್ ರೇಲಿಯಾಗಿ ಟರ್ಲಿಂಗ್‌ನ ಪೂರ್ವಜರ ಮನೆಗೆ ಬಂದರು. ಸುಮಾರು 7000 ಎಕರೆ ಭೂಮಿಯ ಹೊಣೆ ಹೆಗಲೇರಿತು. ಕೆಲವು ವರ್ಷ ಅದನ್ನು ನಿಭಾಯಿಸಿ, 1876ರಲ್ಲಿ ಆಡಳಿತವನ್ನೆಲ್ಲ ತಮ್ಮ ಎಡ್ವರ್ಡ್‌ಗೆ ಒಪ್ಪಿಸಿ, ತಾವು ಅದೇ ಮನೆಯಲ್ಲಿನ ಪ್ರಯೋಗಾಲಯಕ್ಕೆ ಸೇರಿಕೊಂಡರು. ಅಲ್ಲಿನ ಸಲಕರಣೆಗಳಲ್ಲಿ ಆಡಂಬರವಿರಲಿಲ್ಲ. ಗಾಜಿನ ಕೊಳವೆ, ಅರಗು, ಸೀಟಿ, ಶಬ್ದಕ್ಕೆ ಬೆದರಿ ಕುಣಿಯುವ ಅನಿಲದ ಜ್ವಾಲೆ ಇಂಥವುಗಳಿಂದಲೇ ಅವರು ಅತಿ ಸೂಕ್ಷ್ಮ ಅಳತೆಗಳನ್ನು ಸಾಧಿಸಿದರು.

ಕಿವಿಯೂ ಬಾಯಿಯೂ ಜಾಗ ಬದಲಿಸಿದರೆ

ತಂದೆ ತೀರಿಕೊಂಡ ಆ 1873ರಲ್ಲಿಯೇ ಅವರು ಕಂಪನಗಳನ್ನು ಕುರಿತ ಕೆಲವು ಸಾಮಾನ್ಯ ಪ್ರಮೇಯಗಳನ್ನು ಲಂಡನ್ನಿನ ಗಣಿತ ಸಂಘದ ಮುಂದಿಟ್ಟರು. ಅವುಗಳಲ್ಲಿ ಒಂದು ಪರಸ್ಪರತೆಯ ತತ್ತ್ವ. ಒಂದು ಬಿಂದುವಿನಲ್ಲಿ ಹುಟ್ಟಿದ ಶಬ್ದ ಇನ್ನೊಂದು ಬಿಂದುವಿನಲ್ಲಿ ಎಷ್ಟು ಕೇಳಿಸುತ್ತದೆಯೋ, ಮೂಲವನ್ನೂ ಕಿವಿಯನ್ನೂ ಅದಲುಬದಲು ಮಾಡಿದಾಗಲೂ ಅಷ್ಟೇ ಕೇಳಿಸುತ್ತದೆ ಎಂಬುದು ಅದರ ತಿರುಳು. ನಡುವೆ ಗೋಡೆಯಿರಲಿ, ಕಂಬವಿರಲಿ, ಕೋಣೆಯ ಆಕಾರ ಎಷ್ಟೇ ವಕ್ರವಾಗಿರಲಿ, ಫಲ ಬದಲಾಗದು. ಗಾಳಿಯ ವಿಷಯದಲ್ಲಿ ಇಂಥದೊಂದು ಫಲವನ್ನು ಹೆಲ್ಮ್‌ಹೋಲ್ಟ್ಸ್ ಮೊದಲೇ ಕಂಡಿದ್ದರು; ರೇಲಿ ಅದನ್ನು ಕಂಪಿಸುವ ಎಲ್ಲ ವ್ಯವಸ್ಥೆಗಳಿಗೂ ವಿಸ್ತರಿಸಿದರು.

ಈ ತತ್ತ್ವಕ್ಕೆ ಎದುರಾಗಿ ನಿಂತ ಒಂದು ಪುರಾವೆಯೂ ಇತ್ತು. 1822ರಲ್ಲಿ ಫ್ರೆಂಚ್ ವಿಜ್ಞಾನಿಗಳು ಪ್ಯಾರಿಸ್ ಬಳಿಯ ಎರಡು ಎತ್ತರದ ಸ್ಥಳಗಳಿಂದ ಫಿರಂಗಿ ಹಾರಿಸಿ ಶಬ್ದದ ವೇಗವನ್ನು ಅಳೆದಿದ್ದರು. ಒಂದು ಕಡೆಯ ಸದ್ದು ಇನ್ನೊಂದು ಕಡೆ ಚೆನ್ನಾಗಿ ಕೇಳಿಸಿತು; ತಿರುಗು ದಿಕ್ಕಿನಲ್ಲಿ ಬಹುಪಾಲು ಕೇಳಿಸಲಿಲ್ಲ. ರೇಲಿ ಅದನ್ನು ಬದಿಗೆ ಸರಿಸದೆ ಎದುರಿಸಿದರು. ಫಿರಂಗಿಯು ಎಲ್ಲ ದಿಕ್ಕಿಗೂ ಸಮನಾಗಿ ಸದ್ದು ಹರಡುವುದಿಲ್ಲ. ಪ್ರಮೇಯವು ಹೇಳುವುದು ಹಾಗೆ ಹರಡುವ ಸರಳ ಮೂಲದ ವಿಷಯವನ್ನು ಎಂದು ಅವರು ವಿವರಿಸಿದರು.

ಸಬ್‌ವೂಫರಿಗೆ ಆ ತತ್ತ್ವ ಚೆನ್ನಾಗಿ ಒಪ್ಪುವುದಕ್ಕೆ ಕಾರಣವೂ ಇದೇ. 40 ಹರ್ಟ್ಸ್ ಆವರ್ತನದ ಶಬ್ದದ ಅಲೆ ಸುಮಾರು 8.6 ಮೀಟರ್ ಉದ್ದವಿರುತ್ತದೆ. ಅದರ ಮುಂದೆ ಅರ್ಧ ಮೀಟರಿನ ಪೆಟ್ಟಿಗೆ ಒಂದು ಚುಕ್ಕೆಯಿದ್ದಂತೆ. ಅದು ಎತ್ತ ಮುಖಮಾಡಿದ್ದರೂ ಸದ್ದು ಸುತ್ತಲೂ ಸಮನಾಗಿ ಹರಡುತ್ತದೆ. ಆದುದರಿಂದ ಪೆಟ್ಟಿಗೆ ಸೋಫಾದ ಮೇಲಿದ್ದು ಕಿವಿ ಗೋಡೆಯ ಬಳಿ ಇದ್ದರೂ, ಕಿವಿ ಸೋಫಾದಲ್ಲಿದ್ದು ಪೆಟ್ಟಿಗೆ ಗೋಡೆಯ ಬಳಿ ಇದ್ದರೂ ಕೇಳಿಸುವುದು ಒಂದೇ. ನಲವತ್ತು ಕೆ.ಜಿ. ತೂಗುವ ಪೆಟ್ಟಿಗೆಯನ್ನು ಇಪ್ಪತ್ತು ಕಡೆ ಎಳೆದಾಡುವ ಬದಲು ಕೇಳುಗನೇ ಇಪ್ಪತ್ತು ಕಡೆ ತೆವಳಬಹುದು.

ಮೂವತ್ತು ವರ್ಷ ಕಾದ ಪ್ರಶ್ನೆ

ಅದೇ ಕಾಲದಲ್ಲಿ ರೇಲಿಯವರಿಗೆ ಇನ್ನೊಂದು ಪ್ರಶ್ನೆ ಅಂಟಿಕೊಂಡಿತು. ಸದ್ದು ಎತ್ತಲಿಂದ ಬಂತೆಂದು ಮನುಷ್ಯ ಹೇಗೆ ತಿಳಿಯುತ್ತಾನೆ? ಹುಲ್ಲುಹಾಸಿನ ನಡುವೆ ಕಣ್ಮುಚ್ಚಿ ನಿಂತು, ಸುತ್ತಲೂ ನೆರವಿನವರನ್ನು ನಿಲ್ಲಿಸಿಕೊಂಡು ಅವರು ಪರೀಕ್ಷೆ ನಡೆಸಿದರು. ಮಾತಿನ ದಿಕ್ಕು ತಟ್ಟನೆ ತಿಳಿಯಿತು. ಶ್ರುತಿಕವೆಯ ಶುದ್ಧ ಸ್ವರ ಎಡದ್ದೋ ಬಲದ್ದೋ ಎಂಬುದೂ ತಿಳಿಯಿತು. ಆದರೆ ಅದು ಮುಂದಿನದೋ ಹಿಂದಿನದೋ ಎಂಬುದು ಮಾತ್ರ ಗೊತ್ತಾಗಲಿಲ್ಲ.

ಎತ್ತರದ ಸ್ವರಗಳಿಗೆ ತಲೆಯೇ ಅಡ್ಡವಾಗಿ ಒಂದು ಕಿವಿಗೆ ನೆರಳು ಬೀಳುತ್ತದೆ; ಆ ವ್ಯತ್ಯಾಸದಿಂದ ದಿಕ್ಕು ತಿಳಿಯುತ್ತದೆ. ಆದರೆ ಕೆಳಗಿನ ಸ್ವರದ ಉದ್ದನೆಯ ಅಲೆ ತಲೆಯನ್ನು ಲೆಕ್ಕಿಸದೆ ಬಳಸಿಕೊಂಡು ಹೋಗುತ್ತದೆ, ಎರಡೂ ಕಿವಿಗೆ ಸಮನಾಗಿ ತಲುಪುತ್ತದೆ. ಹಾಗಿದ್ದರೂ ಎಡಬಲ ತಿಳಿದದ್ದು ಹೇಗೆ? 1876ರಲ್ಲಿ ಉತ್ತರ ಸಿಗಲಿಲ್ಲ. ರೇಲಿ ಪ್ರಶ್ನೆಯನ್ನು ಹಾಗೆಯೇ ತೆರೆದಿಟ್ಟು ಮುಂದೆ ಸಾಗಿದರು. ಮೂವತ್ತು ವರ್ಷಗಳ ನಂತರ, 1907ರಲ್ಲಿ, ಮರಳಿ ಬಂದು ಉತ್ತರ ಕೊಟ್ಟರು. ಕೆಳಗಿನ ಸ್ವರಗಳಲ್ಲಿ ಎರಡು ಕಿವಿಗಳಿಗೆ ಅಲೆಯ ಏರಿಳಿತ ತಲುಪುವ ಕಾಲದಲ್ಲಿನ ಕಿರಿದಾದ ಅಂತರವನ್ನೇ ಮೆದುಳು ಗ್ರಹಿಸುತ್ತದೆ ಎಂಬುದೇ ಆ ಉತ್ತರ.

ಆವರ್ತನ ಇಳಿದಷ್ಟೂ ಆ ಅಂತರ ಅಲೆಯ ಉದ್ದದೆದುರು ಕಿರಿದಾಗುತ್ತ ಹೋಗುತ್ತದೆ. ಜೊತೆಗೆ ಮುಚ್ಚಿದ ಕೋಣೆಯಲ್ಲಿ ಗೋಡೆಗಳ ಪ್ರತಿಫಲನವೂ ಬೆರೆಯುವುದರಿಂದ ಸುಮಾರು 80 ಹರ್ಟ್ಸ್‌ಗಿಂತ ಕೆಳಗೆ ದಿಕ್ಕು ಹೇಳುವುದು ಕಷ್ಟ. ಸಬ್‌ವೂಫರ್ ಎಲ್ಲಿದ್ದರೂ ನಾದ ಮುಂದಿನ ಸ್ಪೀಕರುಗಳಿಂದಲೇ ಬಂದಂತೆ ಭಾಸವಾಗುವುದೂ, ಅದರ ಕೆಲಸವನ್ನು ಸಾಮಾನ್ಯವಾಗಿ 80 ಹರ್ಟ್ಸ್‌ಗೆ ಸೀಮಿತಗೊಳಿಸುವುದೂ ಇದೇ ಕಾರಣಕ್ಕೆ.

ಅಳತೆಯ ಮನುಷ್ಯ

1879ರಲ್ಲಿ ಮಹಾವಿಜ್ಞಾನಿ ಮ್ಯಾಕ್ಸ್‌ವೆಲ್ ಅಕಾಲಿಕವಾಗಿ ತೀರಿಕೊಂಡಾಗ ಕೇಂಬ್ರಿಡ್ಜಿನ ಕ್ಯಾವೆಂಡಿಷ್ ಪ್ರಾಧ್ಯಾಪಕ ಪೀಠ ತೆರವಾಯಿತು. ಕೃಷಿಯ ಕುಸಿತದಿಂದ ಜಮೀನಿನ ಆದಾಯವೂ ಕುಗ್ಗಿದ್ದ ಆ ಹೊತ್ತಿನಲ್ಲಿ ರೇಲಿ ಪೀಠವನ್ನು ಒಪ್ಪಿಕೊಂಡರು. ಅವರ ಕಾಲದಲ್ಲಿ ಪ್ರಯೋಗಾಲಯದ ತರಗತಿಗಳು ಮಹಿಳೆಯರಿಗೂ ಪುರುಷರಷ್ಟೇ ಸಮನಾಗಿ ತೆರೆದುಕೊಂಡವು. ಕೇಂಬ್ರಿಡ್ಜ್ ಮಹಿಳೆಯರಿಗೆ ಪೂರ್ಣ ಪದವಿ ಕೊಟ್ಟದ್ದು 1948ರಲ್ಲಿ ಎಂಬುದನ್ನು ನೆನೆದರೆ ಇದರ ಮಹತ್ವ ತಿಳಿದೀತು. ನೈಲ್ ಪಯಣದಲ್ಲಿ ಜೊತೆಗಿದ್ದ ಎಲೀನರ್, ವಿದ್ಯುತ್ ಮಾನಗಳನ್ನು ಮರು ಅಳತೆ ಮಾಡುವ ಕಾರ್ಯದಲ್ಲಿ ಅವರ ಸಹೋದ್ಯೋಗಿಯಾದರು. ಆಗ ಬಳಕೆಯಲ್ಲಿದ್ದ ಓಮ್ ಮಾನ ಶೇ. 1ಕ್ಕೂ ಮಿಗಿಲಾಗಿ ತಪ್ಪಿದೆಯೆಂದು ಆ ಅಳತೆ ತೋರಿಸಿತು. 1884ರಲ್ಲಿ ಪೀಠ ತೊರೆದು ರೇಲಿ ಟರ್ಲಿಂಗ್‌ಗೆ ಮರಳಿದರು.

ಅವರ ಸ್ವಭಾವವನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರುವುದು ಸಾರಜನಕದ ಕಥೆ. ಗಾಳಿಯಿಂದ ಬೇರ್ಪಡಿಸಿದ ಸಾರಜನಕ ಲೀಟರಿಗೆ 1.2572 ಗ್ರಾಂ ತೂಗಿದರೆ, ರಾಸಾಯನಿಕಗಳಿಂದ ಪಡೆದದ್ದು 1.2505 ಗ್ರಾಂ ಮಾತ್ರ ತೂಗುತ್ತಿತ್ತು. ಮೊದಲಿಗೆ ಕಂಡ ವ್ಯತ್ಯಾಸ ಇದಕ್ಕಿಂತಲೂ ಕಿರಿದು, ಸಾವಿರದಲ್ಲಿ ಒಂದು ಪಾಲು. ಬೇರೊಬ್ಬರಾಗಿದ್ದರೆ ಕೈತಪ್ಪೆಂದು ಬಿಡಬಹುದಿತ್ತು. ರೇಲಿ ಪ್ರಯೋಗವನ್ನು ಬದಲಿಸಿ ಆ ವ್ಯತ್ಯಾಸ ಇನ್ನಷ್ಟು ದೊಡ್ಡದಾಗಿ ಕಾಣುವಂತೆ ಮಾಡಿದರು. 1892ರಲ್ಲಿ ತಮ್ಮ ಗೊಂದಲವನ್ನು ಪತ್ರಿಕೆಯಲ್ಲಿ ಬಹಿರಂಗವಾಗಿ ತೋಡಿಕೊಂಡು ರಸಾಯನ ವಿಜ್ಞಾನಿಗಳ ಸಲಹೆ ಕೇಳಿದರು. ವಿಲಿಯಂ ರ‍್ಯಾಮ್ಸೆ ಜೊತೆಗೂಡಿದರು. 1894ರಲ್ಲಿ ಗಾಳಿಯೊಳಗೆ ಅಡಗಿದ್ದ ಹೊಸ ಮೂಲವಸ್ತು ಆರ್ಗಾನ್ ಬೆಳಕಿಗೆ ಬಂತು. ಮನುಷ್ಯ ಎಳೆದುಕೊಳ್ಳುವ ಪ್ರತಿ ಉಸಿರಿನಲ್ಲಿಯೂ ಅದು ಶೇ. 1ರ ಸನಿಹದಷ್ಟಿದ್ದರೂ ಅಲ್ಲಿಯವರೆಗೆ ಯಾರೂ ಅದನ್ನು ಗುರುತಿಸಿರಲಿಲ್ಲ.

1904ರಲ್ಲಿ ರೇಲಿಗೆ ಭೌತಶಾಸ್ತ್ರದ, ರ‍್ಯಾಮ್ಸೆಗೆ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಪ್ರಶಸ್ತಿಯ ಹಣವನ್ನು ರೇಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯಕ್ಕೆ ನೀಡಿದರು. ಅವರ ಜೊತೆಗಾರ ರ‍್ಯಾಮ್ಸೆಗೆ ಕರ್ನಾಟಕದೊಂದಿಗೂ ನಂಟುಂಟು. ಜೆ.ಎನ್. ಟಾಟಾ ಕನಸು ಕಂಡ ವಿಜ್ಞಾನ ಸಂಸ್ಥೆಗೆ ಸ್ಥಳ ಸೂಚಿಸಲು 1900ರಲ್ಲಿ ಭಾರತವನ್ನು ಸುತ್ತಿ, ಬೆಂಗಳೂರೇ ತಕ್ಕ ಊರೆಂದು ಶಿಫಾರಸು ಮಾಡಿದವರು ಅವರೇ.

ಪೆಟ್ಟಿಗೆಯೊಳಗಿನ ಅಲೆಗಳ ಲೆಕ್ಕ

ಮುಚ್ಚಿದ ಕೋಣೆಯಲ್ಲಿ ಗಾಳಿ ಯಾವ ಯಾವ ಸ್ವರಗಳಿಗೆ ತಾನಾಗಿ ಮಿಡಿಯುತ್ತದೆ ಎಂಬುದರ ಸೂತ್ರವೂ ರೇಲಿಯವರ ಗ್ರಂಥದ ಎರಡನೆಯ ಸಂಪುಟದಲ್ಲಿದೆ. 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯನ್ನು ತೆಗೆದುಕೊಂಡರೆ ಉದ್ದಕ್ಕೆ 34, ಅಗಲಕ್ಕೆ 43, ಎತ್ತರಕ್ಕೆ 57 ಹರ್ಟ್ಸ್ ಬಳಿ ಗಾಳಿ ಮಿಡಿಯುತ್ತದೆ. ಇವುಗಳ ಬೆರಕೆಗಳನ್ನೆಲ್ಲ ಸೇರಿಸಿದರೂ 80 ಹರ್ಟ್ಸ್‌ಗಿಂತ ಕೆಳಗೆ ಸಿಗುವುದು 8 ಮಿಡಿತಗಳು ಮಾತ್ರ. ಅದೇ ಕೋಣೆಯಲ್ಲಿ 1000ದಿಂದ 1080 ಹರ್ಟ್ಸ್ ನಡುವೆ ಒಂದೂವರೆ ಸಾವಿರಕ್ಕೂ ಹೆಚ್ಚು ಮಿಡಿತಗಳಿವೆ. ಮೇಲಿನ ಸ್ವರಗಳಲ್ಲಿ ಅವು ಒತ್ತೊತ್ತಾಗಿ ನೆರೆದು ಏರುಪೇರನ್ನು ಮುಚ್ಚಿಬಿಡುತ್ತವೆ. ಕೆಳಗೆ ಬಿಡಿಬಿಡಿಯಾಗಿ ನಿಂತು, ಒಂದು ಸ್ವರವನ್ನು ಉಬ್ಬಿಸಿ ಪಕ್ಕದ್ದನ್ನು ಹಸಿವಿನಲ್ಲಿಡುತ್ತವೆ. ಸಬ್‌ವೂಫರ್ ಕೊಂಡವರ ಗೋಳೆಲ್ಲ ಈ ಎಂಟರ ಆಟವೇ.

ಮೂಲೆಯಲ್ಲಿಟ್ಟ ಪೆಟ್ಟಿಗೆ ಎಂಟನ್ನೂ ಕೆರಳಿಸುತ್ತದೆ. ಆದ್ದರಿಂದ ಸದ್ದು ಅತಿ ಜೋರು, ಆದರೆ ಗುಡುಗುಡು. ಕೋಣೆಯ ನಟ್ಟನಡುವೆ ಕುಳಿತವನಿಗೆ ಮೇಲಿನ ಮೂರು ಮೂಲ ಮಿಡಿತಗಳಲ್ಲಿ ಉದ್ದದ್ದೂ ಅಗಲದ್ದೂ ಕೇಳಿಸುವುದೇ ಇಲ್ಲ. ಉದ್ದ, ಅಗಲ, ಎತ್ತರ ಸಮನಾಗಿರುವ ಕೋಣೆಯಲ್ಲಿ ಮೂರೂ ಒಂದೇ ಸ್ವರದ ಮೇಲೆ ಬೀಳುವುದರಿಂದ ಪರಿಸ್ಥಿತಿ ಇನ್ನೂ ಕೆಡುತ್ತದೆ.

ಈ ಎಣಿಕೆಯೇ ರೇಲಿಯವರನ್ನು ಭೌತಶಾಸ್ತ್ರದ ದೊಡ್ಡ ಬಿಕ್ಕಟ್ಟಿನ ಬಾಗಿಲಿಗೂ ಕರೆದೊಯ್ದಿತು. ಕಾಯಿಸಿದ ಪೆಟ್ಟಿಗೆಯೊಳಗಿನ ಬೆಳಕಿಗೆ ಅವರು 1900ರಲ್ಲಿ ಶಬ್ದದ ಇದೇ ಲೆಕ್ಕವನ್ನು ಹಚ್ಚಿದರು. ಉದ್ದನೆಯ ಅಲೆಗಳಿಗೆ ಅದು ಸರಿಹೊಂದಿತು. ಅಲೆ ಕಿರಿದಾದಂತೆ ಶಕ್ತಿ ಮಿತಿಯಿಲ್ಲದೆ ಏರಿಹೋಯಿತು. ಮುಂದೆ ರೇಲಿ-ಜೀನ್ಸ್ ನಿಯಮವೆಂದು ಹೆಸರಾದ ಈ ಸೋಲನ್ನು ದಾಟಲು ಬೇಕಾದ ಕ್ವಾಂಟಂ ಕಲ್ಪನೆಯನ್ನು ಅದೇ ವರ್ಷ ಮ್ಯಾಕ್ಸ್ ಪ್ಲಾಂಕ್ ಮುಂದಿಟ್ಟರು. ಆ ಹೊಸ ಹಾದಿ ರೇಲಿಯವರ ಮನಸ್ಸಿಗೆ ಕೊನೆಗೂ ಒಗ್ಗಲಿಲ್ಲ. ಬೆಳಕಿಗೆ ಸಾಲದಾದ ಆ ಎಣಿಕೆ ಕೋಣೆಯೊಳಗಿನ ಸದ್ದಿಗೆ ಮಾತ್ರ ಇಂದಿಗೂ ತಪ್ಪದು.

ಭಾರತದಿಂದ ಬಂದ ತಿದ್ದುಪಡಿ

ರೇಲಿಯವರ ಗ್ರಂಥಗಳನ್ನು ಆಳವಾಗಿ ಅರಗಿಸಿಕೊಂಡು, ಬಳಿಕ ಅವರನ್ನು ದಾಟಿ ನಡೆದವರಲ್ಲಿ ಸಿ.ವಿ. ರಾಮನ್ ಪ್ರಮುಖರು. ವೃತ್ತಾಕಾರದ ಚರ್ಮದ ಹೊದಿಕೆ ಹೊರಡಿಸುವ ಉಪಸ್ವರಗಳು ಮೂಲಸ್ವರದೊಂದಿಗೆ ಸಂಗೀತಕ್ಕೊಪ್ಪುವ ಅನುಪಾತದಲ್ಲಿ ಇರುವುದಿಲ್ಲವೆಂಬುದು ಗಣಿತದ ಫಲ. ಮೃದಂಗ ಮತ್ತು ತಬಲಾಗಳಲ್ಲಿ ನಡುವೆ ಮೆತ್ತಿದ ಕರಣೆಯಿಂದ ಆ ಉಪಸ್ವರಗಳು ಶ್ರುತಿಗೆ ಬರುತ್ತವೆಂದು ರಾಮನ್ 1920ರಲ್ಲಿ ತೋರಿಸಿದರು. ಸಮುದ್ರದ ನೀಲಿಯು ಆಕಾಶದ ಪ್ರತಿಬಿಂಬವೆಂದಿದ್ದ ರೇಲಿಯವರ ಅಭಿಪ್ರಾಯವನ್ನು 1921ರ ಹಡಗು ಪಯಣದ ನಂತರ ಅಲ್ಲಗಳೆದರು. ಆ ದಾರಿ 1930ರ ನೊಬೆಲ್‌ಗೂ, 1933ರಲ್ಲಿ ಬೆಂಗಳೂರಿಗೂ ಅವರನ್ನು ತಂದಿತು. ಈ ತಿದ್ದುಪಡಿಗಳನ್ನು ಕಾಣಲು ರೇಲಿ ಇರಲಿಲ್ಲ.

1905ರಿಂದ 1908ರವರೆಗೆ ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದ ಅವರು 1908ರಲ್ಲಿ ಕೇಂಬ್ರಿಡ್ಜಿನ ಕುಲಪತಿಯಾದರು. ಹಲವು ವರ್ಷ ಬ್ರಿಟನ್ನಿನ ದೀಪಸ್ತಂಭಗಳ ಸಂಸ್ಥೆಗೆ ಸಲಹೆಗಾರರಾಗಿ, ಮಂಜಿನಲ್ಲಿ ಹಡಗುಗಳನ್ನು ಎಚ್ಚರಿಸುವ ಕಹಳೆಗಳ ಆಕಾರವನ್ನೂ ತಿದ್ದಿದರು. ಕೊನೆಯವರೆಗೂ ಬರೆಯುತ್ತಲೇ ಇದ್ದು, ನಾನೂರಕ್ಕೂ ಮಿಕ್ಕಿ ಪ್ರಬಂಧಗಳನ್ನು ಬಿಟ್ಟು, 1919ರ ಜೂನ್ 30ರಂದು ಕೊನೆಯುಸಿರೆಳೆದರು.

ಆರು ವರ್ಷಗಳ ನಂತರ, 1925ರಲ್ಲಿ, ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬ ಎಂಜಿನಿಯರುಗಳು ಇಂದಿನ ಧ್ವನಿವರ್ಧಕದ ಮೂಲರೂಪವನ್ನು ಪ್ರಕಟಿಸಿದರು. ಕಂಪಿಸುವ ತಟ್ಟೆಯೊಂದು ಗಾಳಿಯನ್ನು ಹೇಗೆ ತಳ್ಳುತ್ತದೆ ಎಂಬ ಗಣಿತ ರೇಲಿಯವರ ಪುಟಗಳಲ್ಲಿ ಸಿದ್ಧವಾಗಿಯೇ ಇತ್ತು.

ಇಂದು ತೆವಳಿ ಜಾಗ ಹುಡುಕುವವರು ಪೆಟ್ಟಿಗೆಯನ್ನು ಕೇಳುಗನ ಕಿವಿಯ ಎತ್ತರಕ್ಕೆ ಇಟ್ಟು, ಏರಿಳಿಯುವ ಮಂದ್ರಸ್ವರಗಳಿರುವ ತುಣುಕೊಂದನ್ನು ಮತ್ತೆ ಮತ್ತೆ ನುಡಿಸಿ, ತಲೆಯನ್ನು ನೆಲದ ಹತ್ತಿರ ಹಿಡಿದು ಕೇಳುತ್ತಾರೆ. ಅತಿ ಜೋರಾದ ಜಾಗವಲ್ಲ, ಯಾವ ಸ್ವರವೂ ಉಬ್ಬದ, ಯಾವುದೂ ಸೊರಗದ ಜಾಗವೇ ಬೇಕಾದದ್ದು. ಬಳಿಕ ಪೆಟ್ಟಿಗೆಯ ಹಿಂಬದಿಯ ಫೇಸ್ ಗುಂಡಿಯನ್ನು ಎರಡೂ ಕಡೆ ತಿರುಗಿಸಿ, ಮುಂದಿನ ಸ್ಪೀಕರುಗಳೊಂದಿಗೆ ನಾದ ತುಂಬಿ ಬರುವ ಕಡೆಗೆ ನಿಲ್ಲಿಸುತ್ತಾರೆ. ಕೊನೆಯಲ್ಲಿ ಸದ್ದಿನ ಮಟ್ಟವನ್ನು ತುಸು ತಗ್ಗಿಸುತ್ತಾರೆ. ಒಂದೇ ಪೆಟ್ಟಿಗೆಯಿಂದ ಎಲ್ಲ ಆಸನಗಳಿಗೂ ನ್ಯಾಯ ಸಿಗದಿದ್ದರೆ ಎರಡನೆಯದನ್ನು ಎದುರಿನ ಗೋಡೆಯ ಮಧ್ಯದಲ್ಲಿ ಇಡುವುದುಂಟು.

ಅರ್ಧ ಗಂಟೆಯ ಈ ಕೆಲಸಕ್ಕೆ ಯಂತ್ರ ಬೇಡ, ಖರ್ಚಿಲ್ಲ. ಬೇಕಾದದ್ದು ಒಂದು ಶಾಂತ ಮಧ್ಯಾಹ್ನ, ಒಂದು ಜೊತೆ ಕಿವಿ ಮತ್ತು ನಕ್ಕವರನ್ನು ಲೆಕ್ಕಿಸದ ಮನಸ್ಸು. ಹುಲ್ಲುಹಾಸಿನ ನಡುವೆ ಕಣ್ಮುಚ್ಚಿ ನಿಂತ ಆ ಜಮೀನ್ದಾರನ ಬಳಿ ಇದ್ದದ್ದೂ ಹೆಚ್ಚುಕಡಿಮೆ ಅಷ್ಟೇ.